ನುಣ್ಣನೆಯ ನೀರು

ಬಯಲುಸೀಮೆಯ ಮಕ್ಕಳಿಗೆ ಕಡಲೆಂಬುದೊಂದು ಕನಸು. ಕೆರೆ ಕೋಡಿಬಿದ್ದರೆ ಹಬ್ಬವೆನಿಸುವ ನಾಡಿನಿಂದ ಹೊರಟು, ಘಟ್ಟವನ್ನಿಳಿದು, ಮೊದಲ ಸಲ ಅಲೆಗಳ ಮುಂದೆ ನಿಂತಾಗ ಮನಸ್ಸು ಅರಳುವುದು ಸಹಜ. ಆ ಉಲ್ಲಾಸ ತಪ್ಪಲ್ಲ. ಆದರೆ ಕಡಲು ತನ್ನ ಚೆಲುವನ್ನು ತೋರುವಷ್ಟು ಸುಲಭವಾಗಿ ತನ್ನ ಸ್ವಭಾವವನ್ನು ತೋರುವುದಿಲ್ಲ.

2024ರ ಡಿಸೆಂಬರ್ ತಿಂಗಳಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದರು. ಅದು ಮುಂಗಾರಿನ ಕಾಲವಾಗಿರಲಿಲ್ಲ. ಇಂತಹ ದುರಂತಗಳಾದಾಗಲೆಲ್ಲ ಕಾವಲು ಸಾಲದು, ಎಚ್ಚರಿಕೆಯ ಫಲಕ ಸಾಲದು ಎಂಬ ಮಾತು ಕೇಳಿಬರುತ್ತದೆ. ಅದು ಯೋಗ್ಯವಾದ ಮಾತೇ. ಆದರೂ ಕಡಲನ್ನು ಅರಿಯುವ ವಿದ್ಯೆ ದಡ ಮುಟ್ಟಿದ ಮೇಲೆ ಕಲಿಯತಕ್ಕದ್ದಲ್ಲ. ಊರು ಬಿಡುವ ಮುನ್ನವೇ ಕಲಿತಿರಬೇಕಾದುದು.

ಕರಾವಳಿಯ ಜನ ಈ ವಿದ್ಯೆಯನ್ನು ಬಾಲ್ಯದಿಂದಲೇ ಪಡೆಯುತ್ತಾರೆ. ನೈಋತ್ಯ ಮಾರುತಗಳಿಂದ ಅರಬ್ಬೀ ಸಮುದ್ರ ಕೆರಳಿರುವ ತಿಂಗಳುಗಳಲ್ಲಿ ಅವರು ದೋಣಿಗಳನ್ನು ದಡಕ್ಕೇರಿಸುತ್ತಾರೆ. ನೂಲಹುಣ್ಣಿಮೆಯಂದು ಮೊಗವೀರರು ಹಾಲು, ತೆಂಗಿನಕಾಯಿಗಳನ್ನರ್ಪಿಸಿ ಸಮುದ್ರವನ್ನು ಪೂಜಿಸುತ್ತಾರೆ. ಕಡಲನ್ನೇ ನಂಬಿ ಬಾಳುವವರು ಅದನ್ನು ಹೀಗೆ ಗೌರವಿಸುತ್ತಿರುವಾಗ, ಒಂದು ದಿನದ ಅತಿಥಿ ಅದನ್ನು ಆಟದ ಬಯಲೆಂದು ಭಾವಿಸುವುದು ಉಚಿತವೆ?

ಬಂದವರನ್ನು ವಂಚಿಸುವುದು ಅಲೆಗಿಂತಲೂ ಹೆಚ್ಚಾಗಿ ಸೆಳೆತ. ಅಲೆಗಳು ದಡಕ್ಕೆ ತಂದು ತುಂಬಿದ ನೀರು ಹಿಂದಿರುಗಲೇಬೇಕು. ನೀರಿನಡಿಯ ಮರಳ ದಿಬ್ಬಗಳ ನಡುವೆ ಕಿರಿದಾದ ಕಂಡಿಗಳಿರುತ್ತವೆ. ಆ ನೀರು ಅಲ್ಲಿ ಒಗ್ಗೂಡಿ ಹೊಳೆಯಂತೆ ಕಡಲಿನತ್ತ ಧಾವಿಸುತ್ತದೆ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರುಗಳನ್ನು ಮೀರುವುದುಂಟು. ನುರಿತ ಈಜುಗಾರನೂ ಅದಕ್ಕೆದುರಾಗಿ ಈಜಲಾರ. ಕಂಡಿಯಲ್ಲಿ ಆಳ ಹೆಚ್ಚಾದುದರಿಂದ ಅಲ್ಲಿ ಅಲೆಗಳು ಒಡೆಯುವುದು ಕಡಿಮೆ. ಅಕ್ಕಪಕ್ಕದಲ್ಲಿ ನೊರೆಯುಕ್ಕುತ್ತಿದ್ದರೂ ಆ ಜಾಗ ಮಾತ್ರ ಶಾಂತವಾಗಿ ಕಾಣುತ್ತದೆ. ಈಜು ಬಾರದವರು ಸುರಕ್ಷಿತವೆಂದು ಆರಿಸಿಕೊಳ್ಳುವುದು ಅನೇಕ ವೇಳೆ ಆ ಜಾಗವನ್ನೇ! ದೂರದ ಬೆಟ್ಟ ನುಣ್ಣಗೆ ಎಂಬುದು ಗಾದೆ. ಕಡಲ ದಡದಲ್ಲಿ ಹತ್ತಿರದ ನೀರೂ ನುಣ್ಣಗೆ ಕಾಣುತ್ತದೆ.

ಸೆಳೆತ ಮನುಷ್ಯನನ್ನು ಕೆಳಕ್ಕೆಳೆಯುವುದಿಲ್ಲ, ದೂರಕ್ಕೊಯ್ಯುತ್ತದೆ. ದಡದತ್ತ ಎದುರೀಜಿ ದಣಿಯುವುದೇ ಮೃತ್ಯುವಿಗೆ ದಾರಿ. ಈಜು ಬಲ್ಲವನು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು, ಬಳಿಕ ದಡದತ್ತ ತಿರುಗಬೇಕು. ಬಲವಿಲ್ಲದವನು ತೇಲುತ್ತ ಕೈಯೆತ್ತಿ ಕೂಗಬೇಕು. ದಡದಲ್ಲಿರುವವರು ತಾವೂ ಧುಮುಕದೆ ಜೀವರಕ್ಷಕರನ್ನು ಕರೆಯಬೇಕು, ತೇಲುವ ವಸ್ತುವನ್ನೆಸೆಯಬೇಕು.

ಆಗಸ ತಿಳಿಯಾಗಿದ್ದ ಮಾತ್ರಕ್ಕೆ ಕಡಲೂ ಸೌಮ್ಯವೆಂದು ತಿಳಿಯಲಾಗದು. ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿಗಳಿಂದೆದ್ದ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿಬಂದು ಈ ತೀರವನ್ನಪ್ಪಳಿಸುವುದುಂಟು. ಸುಳಿವಿಲ್ಲದೆ ಬರುವ ಇದನ್ನು ಕೇರಳೀಯರು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇಂತಹ ಅಲೆಗಳ ಮುನ್ಸೂಚನೆಯನ್ನು ನೀಡುತ್ತದೆ. ಪ್ರವಾಸಕ್ಕೆ ಬಸ್ಸನ್ನು ಗೊತ್ತುಮಾಡುವಾಗಲೇ ಮುನ್ಸೂಚನೆಯನ್ನು ನೋಡುವುದೂ ಕರ್ತವ್ಯವೆನಿಸಬೇಕು.

ಜೀವರಕ್ಷಕನ ಸೀಟಿಗೆ ಹಿಂದಿರುಗುವವನನ್ನು ಹೇಡಿಯೆಂದು ನಗುವ ಗೆಳೆಯರು ಇದ್ದೇ ಇರುತ್ತಾರೆ. ಆ ನಗೆಯನ್ನು ಸಹಿಸಿಕೊಳ್ಳುವುದೇ ನಿಜವಾದ ಧೈರ್ಯ. ಕಡಲು ನಾಳೆಯೂ ಅಲ್ಲೇ ಇರುತ್ತದೆ. ಅದನ್ನು ನೋಡಲು ಕಣ್ಣುಗಳು ಉಳಿದಿರಬೇಕು.