ಮನೆಗೆ ಮುಂಗಡ: ಗೋಡೆಗೆಷ್ಟು, ಕೈಗೆಷ್ಟು?

ಮೊದಲ ಮನೆ ಕೊಳ್ಳಲು ಹೊರಟವರು ಬ್ಯಾಂಕಿನಲ್ಲಿ ಮೊದಲು ಕೇಳುವ ಪ್ರಶ್ನೆ, ಸಾಲ ಎಷ್ಟು ಸಿಗುತ್ತದೆ ಎಂಬುದು. ಕೈಯಿಂದ ಎಷ್ಟು ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಬಂದುಬಿಡುತ್ತದೆ ಎಂದೇ ಹಲವರ ಎಣಿಕೆ. ಬೆಲೆಯಲ್ಲಿ ಸಾಲವನ್ನು ಕಳೆದರೆ ಉಳಿದದ್ದೇ ಮುಂಗಡವಲ್ಲವೇ? ಕಳೆಯುವ ಲೆಕ್ಕವೇನೋ ಸರಿ. ಆದರೆ ಅದನ್ನು ಎಲ್ಲಿಂದ ಆರಂಭಿಸುತ್ತಾರೆ ಎಂಬುದರಲ್ಲಿ ಎಡವಟ್ಟಿದೆ.

ಮನೆಯ ಹಿರಿಯರು, "ಸಾಲವೇ ಶೂಲ, ಇದ್ದಬದ್ದದ್ದೆಲ್ಲ ಹಾಕಿ ಸಾಲ ಕಡಿಮೆ ಮಾಡಿಕೋ" ಎನ್ನುತ್ತಾರೆ. ಕಚೇರಿಯ ಗೆಳೆಯರು, "ಸಿಕ್ಕಷ್ಟೂ ಸಾಲ ತೆಗೆದುಕೋ, ಕೈಯ ಹಣ ಕೈಯಲ್ಲೇ ಇರಲಿ" ಎನ್ನುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯಬೇಕಾದರೆ ಕಾಗದ, ಪೆನ್ಸಿಲು ಹಿಡಿದು ಕುಳಿತುಕೊಳ್ಳಬೇಕು.

ಮೊದಲಿಗೆ ಕಾಯಿದೆ ಏನು ಹೇಳುತ್ತದೆಂದು ತಿಳಿದಿರಬೇಕು. 2015ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಹಾಕಿಕೊಟ್ಟ ಮಿತಿಯಂತೆ, ಗೃಹಸಾಲ 30 ಲಕ್ಷ ರೂಪಾಯಿಯೊಳಗಿದ್ದರೆ ಮನೆಯ ಬೆಲೆಯ ಶೇಕಡ 90ರವರೆಗೆ, 30ರಿಂದ 75 ಲಕ್ಷದವರೆಗೆ ಶೇಕಡ 80ರವರೆಗೆ, ಅದಕ್ಕೂ ಮೀರಿದರೆ ಶೇಕಡ 75ರವರೆಗೆ ಸಾಲ ಕೊಡಬಹುದು. ಇದು ಗರಿಷ್ಠ ಮಿತಿ ಮಾತ್ರ. ಅಷ್ಟನ್ನು ಕೊಡಲೇಬೇಕೆಂಬ ಕಟ್ಟಳೆಯಿಲ್ಲ, ಅಷ್ಟನ್ನೂ ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆಯಂತೂ ಇಲ್ಲವೇ ಇಲ್ಲ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳನ್ನು ಮನೆಯ ಬೆಲೆಗೆ ಸೇರಿಸಿ ಸಾಲದ ಲೆಕ್ಕ ಹಾಕಬಾರದೆಂದು 2012ರಲ್ಲೇ ಸೂಚನೆಯಾಗಿದೆ. 2015ರಲ್ಲಿ 10 ಲಕ್ಷ ರೂಪಾಯಿವರೆಗಿನ ಮನೆಗಳಿಗಷ್ಟೇ ಇದರಿಂದ ವಿನಾಯಿತಿ ದೊರೆಯಿತು. ಉಳಿದವರು ಈ ಖರ್ಚನ್ನು ತಮ್ಮ ಜೇಬಿನಿಂದಲೇ ಭರಿಸಬೇಕು.

ಈ ಖರ್ಚು ಸಣ್ಣದೇನಲ್ಲ. ಕರ್ನಾಟಕದ ಪಟ್ಟಣಗಳಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಶೇಕಡ 5.6 ಆಗುತ್ತದೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿದೆ. ಒಟ್ಟು ಶೇಕಡ 7.6. ಹಾಗಾಗಿ ಬ್ಯಾಂಕು ಶೇಕಡ 80 ಕೊಟ್ಟರೆ ಕೈಯಿಂದ 20 ಸಾಕೆಂದು ತಿಳಿಯಬಾರದು, 27.6 ಬೇಕು.

ಈಗ ಒಂದು ಉದಾಹರಣೆ. ಮೈಸೂರಿನಲ್ಲಿ ಕಟ್ಟಿ ಮುಗಿದಿರುವ ಒಂದು ಫ್ಲ್ಯಾಟಿನ ಬೆಲೆ 60 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕೊಳ್ಳಲಿರುವ ದಂಪತಿಯ ಕೈಗೆ ಬರುವ ಸಂಬಳ ಇಬ್ಬರದೂ ಸೇರಿ ತಿಂಗಳಿಗೆ 90,000. ಫ್ಲ್ಯಾಟಿನ ನಿರ್ವಹಣಾ ಶುಲ್ಕವೂ ಸೇರಿದಂತೆ ಮನೆಖರ್ಚು 40,000. ಈವರೆಗಿನ ಉಳಿತಾಯ 25 ಲಕ್ಷ. ಬಡ್ಡಿ ಶೇಕಡ 8.5, ಅವಧಿ 20 ವರ್ಷ ಎಂದಾದರೆ ಪ್ರತಿ ಲಕ್ಷ ಸಾಲಕ್ಕೆ ಮಾಸಿಕ ಕಂತು ಸುಮಾರು 868 ರೂಪಾಯಿ. ನೋಂದಣಿಯ ಒಟ್ಟು ಖರ್ಚು 4.56 ಲಕ್ಷ, ಅದನ್ನು ಕಳೆದ ಮೇಲೆ ಅವರ ಬಳಿ ಉಳಿಯುವುದು 20.44 ಲಕ್ಷ.

ಹಿರಿಯರ ಮಾತು ಕೇಳಿ 20 ಲಕ್ಷವನ್ನೂ ಹಾಕಿದರೆ ಸಾಲ 40 ಲಕ್ಷ, ಕಂತು ಸುಮಾರು 34,700. ಕೈಯಲ್ಲಿ ಉಳಿಯುವುದು 44,000 ರೂಪಾಯಿ ಮಾತ್ರ. ಗೆಳೆಯರ ಮಾತಿನಂತೆ 12 ಲಕ್ಷವಷ್ಟೇ ಹಾಕಿದರೆ ಸಾಲ 48 ಲಕ್ಷ, ಕಂತು 41,650, ಕೈಯಲ್ಲಿ 8.44 ಲಕ್ಷ. ನಡುವಿನ ದಾರಿ ಹಿಡಿದು 15 ಲಕ್ಷ ಹಾಕಿದರೆ ಸಾಲ 45 ಲಕ್ಷ, ಕಂತು 39,050; ಕೈಯಲ್ಲಿ 5.44 ಲಕ್ಷ.

ಮೊದಲ ದಾರಿ ಹಿಡಿದವರು ತಿಂಗಳಿಗೆ 4,340 ರೂಪಾಯಿ ಉಳಿಸಿದೆವೆಂದು ನೆಮ್ಮದಿಯಿಂದ ಗೃಹಪ್ರವೇಶ ಮಾಡುತ್ತಾರೆ. ಆರು ತಿಂಗಳು ಕಳೆಯುವುದರೊಳಗೆ ಮನೆಯಲ್ಲೊಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬಹುದು, ಇಬ್ಬರಲ್ಲೊಬ್ಬರ ಕೆಲಸ ಹೋಗಬಹುದು. ಆಗ 5 ಲಕ್ಷ ಬೇಕೆಂದರೆ ಅಡಿಗೆಮನೆಯ ಗೋಡೆ ಒಡೆದು ಕೊಡಲಾಗದು. ಒಡವೆ ಅಡವಿಡಬೇಕು ಅಥವಾ ವೈಯಕ್ತಿಕ ಸಾಲಕ್ಕೆ ಕೈಯೊಡ್ಡಬೇಕು. ಶೇಕಡ 14ರ ಬಡ್ಡಿಗೆ ಮೂರು ವರ್ಷದ 5 ಲಕ್ಷ ಸಾಲದ ಕಂತು ತಿಂಗಳಿಗೆ ಸುಮಾರು 17,100 ರೂಪಾಯಿ. 4,340 ಉಳಿಸಲು ಹೋಗಿ 17,100 ಹೆಗಲಿಗೇರಿಸಿಕೊಂಡಂತೆ! ಬಾಯಾರಿದ ಮೇಲೆ ಬಾವಿ ತೋಡುವುದೆಂದರೆ ಇದೇ.

ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡಬಹುದು. ಮೊಸರನ್ನು ಮತ್ತೆ ಹಾಲು ಮಾಡಲಾಗದೆಂದು ಶಾಲೆಯ ಮಕ್ಕಳೂ ಬಲ್ಲರು. ಮುಂಗಡವೂ ಹಾಗೆಯೇ. ಕೈಯಲ್ಲಿರುವ ಹಣವನ್ನು ಯಾವಾಗ ಬೇಕಾದರೂ ಸಾಲಕ್ಕೆ ಕಟ್ಟಬಹುದು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಕೂಡದೆಂದು ರಿಸರ್ವ್ ಬ್ಯಾಂಕು 2012ರ ಜೂನ್‌ನಲ್ಲಿ ಆದೇಶಿಸಿದೆ. ಆದರೆ ಒಮ್ಮೆ ಮನೆಗೆ ಹಾಕಿದ ಹಣವನ್ನು ಬೇಕೆಂದ ದಿನ ಹಿಂದಕ್ಕೆ ಪಡೆಯಲಾಗದು. ಹಿಂದಿರುಗಲಾಗದ ಹೆಜ್ಜೆಯನ್ನು ಕೊನೆಗಿಡುವುದೇ ಜಾಣತನ.

ಹಾಗೆಂದು ಕೈಯಲ್ಲಿಟ್ಟುಕೊಂಡ ಹಣ ಬಿಟ್ಟಿಯಲ್ಲ. 5 ಲಕ್ಷವನ್ನು ಶೇಕಡ 6.5ರ ಠೇವಣಿಯಲ್ಲಿಟ್ಟು, ಬಡ್ಡಿಯ ಮೇಲೆ ಶೇಕಡ 20 ತೆರಿಗೆ ಕಟ್ಟಿದರೆ ಉಳಿಯುವುದು ಶೇಕಡ 5.2. ಸಾಲದ ಬಡ್ಡಿ 8.5. ವ್ಯತ್ಯಾಸ ವರ್ಷಕ್ಕೆ 16,500 ರೂಪಾಯಿ, ಅಂದರೆ ತಿಂಗಳಿಗೆ 1,375. ಇದನ್ನು ವಿಮೆಯ ಕಂತೆಂದು ತಿಳಿಯಬೇಕು. ಐದು ಲಕ್ಷಕ್ಕೆ ಈ ವಿಮೆ ತಕ್ಕುದಾದರೂ, ಹದಿನೈದು ಲಕ್ಷವನ್ನು ಹೀಗೆ ಇಟ್ಟುಕೊಂಡು ಬಡ್ಡಿ ಕಟ್ಟುವುದು ದಂಡ.

ಗೆಳೆಯರ ಮಾತಿನಲ್ಲಿ ಇನ್ನೊಂದು ಅಪಾಯವೂ ಅಡಗಿದೆ. ಬಡ್ಡಿ ಇದ್ದಲ್ಲೇ ಇರುವುದಿಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇಕಡ 4ರಿಂದ 6.5ಕ್ಕೆ ಏರಿತು. ಶೇಕಡ 6.75ಕ್ಕೆ ತೆಗೆದ 20 ವರ್ಷದ ಸಾಲಕ್ಕೆ ಲಕ್ಷಕ್ಕೆ 760 ರೂಪಾಯಿ ಕಂತು, ದರ 9.25 ಆದರೆ ಒಂದು ಲಕ್ಷದ ತಿಂಗಳ ಬಡ್ಡಿಯೇ 770. ಕಂತು ಏರಿಸದಿದ್ದರೆ ಅಸಲು ಕರಗುವುದೇ ನಿಂತುಹೋಗುತ್ತದೆ. ಈ ದಂಪತಿಯ ದರವೂ ಅಷ್ಟೇ ಏರಿ 11 ಆದರೆ, 48 ಲಕ್ಷದ ಸಾಲಕ್ಕೆ ಕಂತು 49,550 ಆಗುತ್ತದೆ. ಮನೆಖರ್ಚು ಕಳೆದರೆ ತಿಂಗಳ ಕೊನೆಗೆ ಉಳಿಯುವುದು 450 ರೂಪಾಯಿ! 45 ಲಕ್ಷದ ಸಾಲವಾದರೆ ಕಂತು 46,450. ಬಿಗಿಯಾದರೂ 3,550 ಉಳಿಯುತ್ತದೆ.

ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಆರಂಭಿಸಬೇಕು. ಮೊದಲು ಒಟ್ಟು ಉಳಿತಾಯವನ್ನು ಬರೆದುಕೊಳ್ಳಬೇಕು. ಅದರಲ್ಲಿ ನೋಂದಣಿ ಖರ್ಚು ಕಳೆಯಬೇಕು. ಆಮೇಲೆ ಮನೆಖರ್ಚು ಮತ್ತು ಕಂತು ಎರಡೂ ಸೇರಿದ ಆರು ತಿಂಗಳ ಮೊತ್ತವನ್ನು ಕಳೆಯಬೇಕು. ಈ ದಂಪತಿಗೆ ಅದು ಸುಮಾರು 4.74 ಲಕ್ಷ. ವಕೀಲರ ಶುಲ್ಕ, ಬ್ಯಾಂಕಿನ ಶುಲ್ಕ, ಸಾಮಾನು ಸಾಗಣೆ, ಫ್ಯಾನು ದೀಪಗಳಿಗೆ 70,000 ಎತ್ತಿಡಬೇಕು. ಉಳಿದದ್ದು 15 ಲಕ್ಷ, ಅದೇ ಮುಂಗಡ. ಹೀಗೆ ಬಂದ ಮೊತ್ತ ಬ್ಯಾಂಕು ಕೇಳುವ ಕನಿಷ್ಠ 12 ಲಕ್ಷಕ್ಕಿಂತ ಕಡಿಮೆಯಾದರೆ, ಕೊರತೆಯನ್ನು ಕೈಗಡದಿಂದ ತುಂಬಬಾರದು. ಬಂಧುಗಳಿಂದ ತಂದರೂ ಸಾಲ ಸಾಲವೇ. ಅದಕ್ಕೆ ಬಡ್ಡಿಯಿಲ್ಲದಿರಬಹುದು, ಗಡುವಂತೂ ಇದ್ದೇ ಇರುತ್ತದೆ. ಕೊರತೆಯಿದ್ದರೆ ಇನ್ನೂ ಕಡಿಮೆ ಬೆಲೆಯ ಮನೆ ನೋಡಬೇಕು ಅಥವಾ ಇನ್ನೊಂದು ವರ್ಷ ಕಾಯಬೇಕು.

ಕೊಳ್ಳುವ ಮೊದಲೇ ಒಂದು ಪ್ರಯೋಗವನ್ನೂ ಮಾಡಿ ನೋಡಬಹುದು. ದರ ಏರಿದರೆ ಬರಬಹುದಾದ 46,450ರ ಕಂತಿನಲ್ಲಿ ಈಗ ಕಟ್ಟುತ್ತಿರುವ ಬಾಡಿಗೆಯನ್ನು, 16,000 ಎಂದುಕೊಂಡರೆ, ಕಳೆದು, ಉಳಿದ 30,450 ರೂಪಾಯಿಯನ್ನು ಸಂಬಳ ಬಂದ ದಿನವೇ ಬೇರೊಂದು ಖಾತೆಗೆ ಹಾಕುತ್ತ ಹೋಗಬೇಕು. ಆರು ತಿಂಗಳು ಅದನ್ನು ಮುಟ್ಟದೆ ಸಂಸಾರ ಸಾಗಿದರೆ ಆ ಸಾಲ ಹೊರಲು ಸಾಧ್ಯವೆಂದು ಅರ್ಥ. ಜೊತೆಗೆ 1,82,700 ರೂಪಾಯಿ ಕೂಡಿಬಂದಿರುತ್ತದೆ. ಮೂರನೇ ತಿಂಗಳಿಗೇ ಖಾತೆಗೆ ಕೈಹಾಕುವಂತಾದರೆ ಸಾಲದ ಮೊತ್ತ ತಗ್ಗಿಸಬೇಕು. ಇಲ್ಲಿ ಸೋತರೆ ನಷ್ಟವೇನಿಲ್ಲ. ನೋಂದಣಿಯಾದ ಮೇಲೆ ಸೋತರೆ ಮನೆಯೇ ಪಣವಾಗುತ್ತದೆ.

ಹಿರಿಯರ ಆತಂಕಕ್ಕೂ ಪರಿಹಾರವಿದೆ. ಆಪತ್ತಿನ ನಿಧಿ ಗಟ್ಟಿಯಾದ ಮೇಲೆ ವರ್ಷಕ್ಕೊಂದು ಕಂತನ್ನು ಹೆಚ್ಚಾಗಿ ಅಸಲಿಗೆ ಕಟ್ಟುತ್ತ ಹೋದರೆ, ಶೇಕಡ 8.5ರ ದರದಲ್ಲಿ 20 ವರ್ಷದ ಸಾಲ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುತ್ತದೆ. ಸಾಲ ಬೇಗ ತೀರಬೇಕೆಂಬ ಅವರ ಆಸೆಯೂ ಈಡೇರಿದಂತಾಯಿತು, ನಡುವೆ ಕಷ್ಟ ಬಂದರೆ ಒಡವೆಯ ಪೆಟ್ಟಿಗೆ ತೆರೆಯಬೇಕಾದ ಪ್ರಸಂಗವೂ ತಪ್ಪಿತು.