ಮಗಳ ಪಾಲು: ಕಾಯ್ದೆ ಕೊಟ್ಟಿದ್ದನ್ನು ಒಂದು ಸಹಿ ಕಸಿಯುತ್ತಿದೆ

ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನಗಳನ್ನು ಮೀಸಲಿಡುವ ಸಂವಿಧಾನ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿಗೆ ನೀಡಿತು. ಶಾಸನಸಭೆಯಲ್ಲಿ ಹೆಣ್ಣಿಗೆ ಎಷ್ಟು ಪಾಲು ಎಂಬ ಚರ್ಚೆ ಎಲ್ಲೆಡೆ ನಡೆಯುತ್ತದೆ. ಆದರೆ ತಂದೆಯ ಆಸ್ತಿಯಲ್ಲಿ ಮಗಳಿಗೆ ಎಷ್ಟು ಪಾಲು ಎಂಬ ಮಾತು ಬಂದರೆ ಅನೇಕ ಮನೆಗಳಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ.

ನಡೆಯುವುದು ಹೀಗೆ. ತಂದೆ ತೀರಿಕೊಂಡ ಕೆಲವು ವಾರಗಳಲ್ಲಿ ಅಣ್ಣನಿಂದ ಫೋನು ಬರುತ್ತದೆ. "ಒಂದು ದಿನ ಬಂದು ಸಹಿ ಹಾಕಿ ಹೋಗಮ್ಮ" ಎನ್ನುತ್ತಾನೆ. ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿರುತ್ತದೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ, ಮಧ್ಯಾಹ್ನ ಊಟ. ಆಸ್ತಿಯ ಬೆಲೆ ಎಷ್ಟು, ತನ್ನ ಪಾಲು ಎಷ್ಟು ಎಂದು ಅವಳು ಕೇಳುವುದಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಭಯ ಅವಳಿಗೆ.

ಕಾಯ್ದೆ ಏನು ಹೇಳುತ್ತದೆ?

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರು, ಬೌದ್ಧರು ಮತ್ತು ಸಿಖ್ಖರಿಗೂ ಅನ್ವಯಿಸುತ್ತದೆ. ಆ ಕಾಯ್ದೆಯಲ್ಲಿ ಮಗಳಿಗೆ ತಂದೆಯ ಪಾಲಿನಲ್ಲಿ ಪಾಲು ಸಿಕ್ಕಿತೇ ಹೊರತು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಂತೆ ಹುಟ್ಟಿನಿಂದ ಬರುವ ಹಕ್ಕು ಸಿಗಲಿಲ್ಲ. ಕರ್ನಾಟಕ ಸರ್ಕಾರ 1994ರಲ್ಲಿ ತಿದ್ದುಪಡಿ ತಂದು ಆ ಹಕ್ಕು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲಕ್ಕೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೆರೆ ಎಳೆಯಿತು. ಹಕ್ಕು ಬರುವುದು ಹುಟ್ಟಿನಿಂದ, ಆದ್ದರಿಂದ ತಂದೆ ಬದುಕಿರಬೇಕಾಗಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಮತ್ತೆ ತೆರೆಯುವಂತಿಲ್ಲ.

ವ್ಯಾಪಾರಸ್ಥರಿಗೆ ಅಂಕಿಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಪಿತ್ರಾರ್ಜಿತ ಆಸ್ತಿಯ ಬೆಲೆ 90 ಲಕ್ಷ ರೂಪಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ತಾಯಿ ಮೊದಲೇ ತೀರಿಕೊಂಡಿದ್ದಾರೆ ಎಂದುಕೊಳ್ಳೋಣ. 1956ರ ಲೆಕ್ಕದಲ್ಲಿ ತಂದೆಗೆ 30 ಲಕ್ಷ, ಗಂಡುಮಕ್ಕಳಿಗೆ ತಲಾ 30 ಲಕ್ಷ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ಅವರ 30 ಲಕ್ಷ ಮೂವರಿಗೂ ಹಂಚಿಕೆ. ಕೊನೆಗೆ ಗಂಡುಮಕ್ಕಳಿಗೆ ತಲಾ 40 ಲಕ್ಷ, ಮಗಳಿಗೆ 10 ಲಕ್ಷ. ಇಂದಿನ ಲೆಕ್ಕದಲ್ಲಿ ಮೂವರಿಗೂ ತಲಾ 30 ಲಕ್ಷ. ಸೀರೆ ಕೊಟ್ಟು ಪಡೆಯುವ ಸಹಿಯ ಬೆಲೆ ಅಷ್ಟು. ತಂದೆಯ ಸ್ವಯಾರ್ಜಿತ ಆಸ್ತಿಯನ್ನು ಅವರು ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು. ಉಯಿಲು ಇಲ್ಲದಿದ್ದರೆ ಅದರಲ್ಲೂ ಸಮಪಾಲು.

ಓದು ಇದೆ, ಕೈಯಲ್ಲಿ ಏನಿದೆ?

ಸ್ತ್ರೀವಾದ ಎಂದೊಡನೆ ಗಂಡಸರ ಮೇಲಿನ ದ್ವೇಷ ಎಂದು ಭಾವಿಸುವವರಿದ್ದಾರೆ. ಅದು ಕೇಳುವ ಮುಖ್ಯ ಪ್ರಶ್ನೆ ಸರಳವಾದದ್ದು: ದುಡಿಮೆ ಯಾರದು, ಖಾತೆ ಯಾರ ಹೆಸರಿನಲ್ಲಿದೆ? ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ದಶಕಗಳಿಂದ ಹೇಳುತ್ತಾ ಬಂದಿರುವುದು ಇದನ್ನೇ. ಕೇರಳದ ತಿರುವನಂತಪುರಂ ಜಿಲ್ಲೆಯಲ್ಲಿ ಪ್ರದೀಪ್ ಪಾಂಡಾ ಅವರೊಂದಿಗೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ವಂತ ಮನೆ, ಜಮೀನು ಎರಡೂ ಇಲ್ಲದ ಮಹಿಳೆಯರಲ್ಲಿ ಶೇ 49ರಷ್ಟು ಮಂದಿ ಗಂಡನಿಂದ ಹೊಡೆತ ತಿಂದಿದ್ದರು. ಎರಡೂ ಇದ್ದವರಲ್ಲಿ ಇದು ಶೇ 7. ಹೋಗಲು ಒಂದು ಜಾಗ ಇರುವವಳ ಮೇಲೆ ಕೈ ಎತ್ತುವ ಮುನ್ನ ಗಂಡ ಯೋಚಿಸುತ್ತಾನೆ.

ಜೈನ ಸಮಾಜ ಈ ವಿಷಯದಲ್ಲಿ ತನ್ನ ಲೆಕ್ಕವನ್ನೂ ನೋಡಿಕೊಳ್ಳಬೇಕು. 2001ರ ಜನಗಣತಿಯಲ್ಲಿ ಜೈನ ಮಹಿಳೆಯರ ಸಾಕ್ಷರತೆ ಶೇ 90.6. ದೇಶದ ಎಲ್ಲ ಧಾರ್ಮಿಕ ಸಮುದಾಯಗಳಲ್ಲಿ ಮೊದಲ ಸ್ಥಾನ. ಅದೇ ಗಣತಿಯಲ್ಲಿ ದುಡಿಯುವವರೆಂದು ದಾಖಲಾದ ಜೈನ ಮಹಿಳೆಯರು ಶೇ 9.2 ಮಾತ್ರ. ಗಲ್ಲಾ ಪೆಟ್ಟಿಗೆಯ ಮುಂದೆ ಕೂತು ಮನೆಯ ಅಂಗಡಿ ನೋಡಿಕೊಳ್ಳುವ ಹೆಂಗಸು ಕೂಡ "ಮನೆವಾರ್ತೆ" ಎಂದೇ ಬರೆಸುವುದುಂಟು. ಓದು ಇದ್ದೂ ಸ್ವಂತ ಆದಾಯವಿಲ್ಲದವಳಿಗೆ ತವರಿನ ಪಾಲೇ ಬಲ. ಅದನ್ನೂ ಬಿಟ್ಟುಕೊಟ್ಟರೆ ಉಳಿಯುವುದು ಏನು?

ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ಸಮಾಜ ಇಂದಿಗೂ ಕೊಂಡಾಡುತ್ತದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಆಕೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಕೈಯಲ್ಲಿ ಸಂಪತ್ತು, ಅದನ್ನು ಬಳಸುವ ಸ್ವಾತಂತ್ರ್ಯ ಎರಡೂ ಇದ್ದುದರಿಂದಲೇ ಅದು ಸಾಧ್ಯವಾಯಿತು. ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನ ಕಟ್ಟಿನಂತೆ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದಲೇ ಸಾಗಿ ಬಂದವು. ಹೆಣ್ಣಿಗೆ ಆಸ್ತಿ ಎನ್ನುವುದು ಹೊರಗಿನಿಂದ ಬಂದ ಮಾತಲ್ಲ.

ಕೇಳಿಬರುವ ಮೂರು ಆಕ್ಷೇಪಗಳು

ಮದುವೆಯಲ್ಲೇ ಕೊಟ್ಟಾಗಿದೆ ಎಂಬುದು ಮೊದಲನೆಯದು. ಮದುವೆಯ ಖರ್ಚು ಛತ್ರಕ್ಕೆ, ಊಟಕ್ಕೆ ಹೋಯಿತು. ವರದಕ್ಷಿಣೆ ಗಂಡನ ಮನೆ ಸೇರಿತು, ಅದು 1961ರಿಂದಲೂ ಅಪರಾಧ. ಯಾವುದೂ ಅವಳ ಹೆಸರಿನಲ್ಲಿ ಉಳಿಯಲಿಲ್ಲ. ಮಗನ ಮದುವೆಯ ಖರ್ಚನ್ನು ಅವನ ಪಾಲಿನಿಂದ ಕಳೆದವರೂ ಇಲ್ಲ.

ತಂದೆ ತಾಯಿಯನ್ನು ನೋಡಿಕೊಳ್ಳುವವನು ಮಗ ಎಂಬುದು ಎರಡನೆಯದು. ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆ ಮಗ, ಮಗಳು ಇಬ್ಬರ ಮೇಲೂ ಹೊಣೆ ಹೊರಿಸಿದೆ. ಹೊಣೆ ಸಮನಾದರೆ ಹಕ್ಕೂ ಸಮನಾಗಬೇಕು.

ಪಾಲು ಮಾಡಿದರೆ ವ್ಯಾಪಾರ ಒಡೆಯುತ್ತದೆ ಎಂಬುದು ಮೂರನೆಯದು. ಇದರಲ್ಲಿ ಸತ್ಯವಿದೆ. ಅಂಗಡಿಯನ್ನು ಗೋಡೆ ಕಟ್ಟಿ ಹಂಚಲಾಗದು. ಆದರೆ ಪಾಲುದಾರನೊಬ್ಬ ಹೊರಗೆ ಹೋಗುವಾಗ ಲೆಕ್ಕ ಮಾಡಿ ಹಣ ಕೊಡುವುದು ಪ್ರತಿಯೊಬ್ಬ ವರ್ತಕನಿಗೂ ಗೊತ್ತು. ಆಸ್ತಿಗೆ ಬೆಲೆ ಕಟ್ಟಿಸಿ, ಮಗಳಿಗೆ ಕಂತುಗಳಲ್ಲಿ ಕೊಡಬಹುದು, ನಿವೇಶನ ಕೊಡಬಹುದು, ಇಲ್ಲವೇ ಅವಳನ್ನೇ ಪಾಲುದಾರಳಾಗಿ ಸೇರಿಸಿಕೊಳ್ಳಬಹುದು. ಹೊರಗಿನವನಿಗೆ ಕೊಡುವ ಲೆಕ್ಕವನ್ನು ಒಡಹುಟ್ಟಿದವಳಿಗೆ ತಪ್ಪಿಸುವುದು ನ್ಯಾಯವಲ್ಲ.

ಈಗ ಆಗಬೇಕಾದದ್ದು

ತಂದೆ ಬದುಕಿರುವಾಗಲೇ ಮಕ್ಕಳೆಲ್ಲರನ್ನೂ ಕೂರಿಸಿಕೊಂಡು ಆಸ್ತಿಯ ವಿವರ ಹೇಳುವುದು ಒಳ್ಳೆಯದು. ವಂಶವೃಕ್ಷದಲ್ಲಿ, ಪೌತಿ ಖಾತೆಯ ಅರ್ಜಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬಾರದು. ಸಹಿ ಕೇಳಿದ ದಿನವೇ ಮಗಳು ಸಹಿ ಹಾಕಬೇಕಾಗಿಲ್ಲ. ಪತ್ರದ ಪ್ರತಿ ಪಡೆದು, ಓದಿಸಿ, ವಕೀಲರನ್ನು ಕೇಳಿ ತೀರ್ಮಾನಿಸಬಹುದು. ಒಮ್ಮೆ ನೋಂದಣಿಯಾದರೆ ಮೋಸ ಅಥವಾ ಒತ್ತಾಯ ನಡೆದಿದೆ ಎಂದು ನ್ಯಾಯಾಲಯದಲ್ಲಿ ರುಜುವಾತು ಮಾಡದೆ ಅದನ್ನು ರದ್ದು ಮಾಡಿಸುವುದು ಕಷ್ಟ.

ಎಲ್ಲವನ್ನೂ ತಿಳಿದ ಮೇಲೆ, ಅಣ್ಣನ ಕಷ್ಟ ನೋಡಿ ಅವಳು ಸ್ವಂತ ಮನಸ್ಸಿನಿಂದ ಬಿಟ್ಟುಕೊಟ್ಟರೆ ಅದು ತ್ಯಾಗ. ತನಗೆ ಎಷ್ಟು ಬರಬೇಕಿತ್ತೆಂದೇ ತಿಳಿಯದೆ ಹಾಕಿದ ಸಹಿಗೆ ಆ ದೊಡ್ಡ ಹೆಸರು ಕೊಡಬಾರದು.