ಶಸ್ತ್ರಚಿಕಿತ್ಸೆಯ ಮುಂದಿನ ಹತ್ತು ದಿನಗಳು: ಒಂದು ಮೊಲದ ನೆಪದಲ್ಲಿ

ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮಂಡಿನೋವುಗಳ ಕುರಿತು ಓದಿ ರೂಢಿಯಾದ ವಾಚಕರು ಈ ಶೀರ್ಷಿಕೆಯನ್ನು ಕಂಡು ಹುಬ್ಬೇರಿಸಬಹುದು. ಮನುಷ್ಯರ ಕಾಯಿಲೆಗಳೇ ಮುಗಿಯದಿರುವಾಗ ಮೊಲದ ಹೊಟ್ಟೆಯ ಚಿಂತೆ ಏತಕ್ಕೆ ಎಂದು ಕೇಳಲೂಬಹುದು. ಪುಣೆಯ ನಮ್ಮ ಫ್ಲ್ಯಾಟುಗಳಲ್ಲಿ ಮೊಲ ಸಾಕಿದ ಕನ್ನಡಿಗರ ಮನೆಗಳನ್ನು ನಾನೇ ಕಂಡಿದ್ದೇನೆ. ನಾಯಿಯಂತೆ ಬೊಗಳುವುದಿಲ್ಲ, ಮಹಡಿಯಿಳಿಸಿ ತಿರುಗಾಡಿಸಬೇಕಿಲ್ಲ, ನೆರೆಯವರ ದೂರು ಬರುವುದಿಲ್ಲ ಎಂಬ ಕಾರಣದಿಂದ ಮಕ್ಕಳ ಹಟಕ್ಕೆ ಮಣಿದು ತಂದುಬಿಡುತ್ತೇವೆ. ಆದರೆ ಸದ್ದು ಮಾಡದ ಪ್ರಾಣಿ ನೋವನ್ನೂ ಸದ್ದಿಲ್ಲದೆಯೇ ಉಣ್ಣುತ್ತದೆ ಎಂಬುದನ್ನು ನಾವು ಅರಿತಿರುವುದಿಲ್ಲ. ನಾನೂ ಅರಿತಿರಲಿಲ್ಲ.

ಕಳೆದ ಮಳೆಗಾಲದ ಒಂದು ಶನಿವಾರ ಸಂಜೆ ನನ್ನ ಮೊಮ್ಮಗಳು ಬಂದು, “ಅಜ್ಜಾ, ಮೊಲ ಮುಂಜಾನಿಂದ ಏನೂ ತಿಂದಿಲ್ಲ, ಒಂದೂ ಹಿಕ್ಕಿ ಹಾಕಿಲ್ಲ ನೋಡ್ರಿ” ಎಂದಳು. “ಒಂದು ದಿವಸ ಉಪವಾಸ ಇದ್ರ ಹೊಟ್ಟಿ ಹಗುರ ಆಗ್ತದ, ಬಿಡವ್ವಾ” ಎಂದು ನಾನು ಹೇಳಿ ಕಳಿಸಿದೆ. ಲಂಘನವೇ ಪರಮೌಷಧವೆಂದು ಹಿರಿಯರಿಂದ ಕೇಳಿ ಬೆಳೆದವನು ನಾನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಗೆ ಅಂದು ನಾನೇ ನಿದರ್ಶನವಾದೆ. ಭಾನುವಾರ ನಸುಕಿನಲ್ಲಿ ಎದ್ದು ನೋಡಿದರೆ ಆ ಪ್ರಾಣಿ ಮೂಲೆಯಲ್ಲಿ ಬೆನ್ನು ಗೂನಾಗಿಸಿ, ಕಣ್ಣು ಅರೆಮುಚ್ಚಿ, ಹಲ್ಲು ಕಡಿಯುತ್ತ ಕುಳಿತಿತ್ತು. ಕಿವಿಗಳು ತಣ್ಣಗಾಗಿದ್ದವು. ಹೊಟ್ಟೆ ಬಿಗಿದ ತಮಟೆಯಂತಿತ್ತು.

ಮೊಲದ ಜೀರ್ಣಾಂಗಗಳ ರಚನೆಯನ್ನು ತಿಳಿದವರಿಗೆ ನನ್ನ ತಪ್ಪಿನ ಗಾತ್ರ ಅರ್ಥವಾಗುತ್ತದೆ. ಮೊಲವು ಹಗಲಿರುಳೂ ಸ್ವಲ್ಪ ಸ್ವಲ್ಪವಾಗಿ ಮೇಯುವ ಪ್ರಾಣಿ. ನಾರು ತುಂಬಿದ ಹುಲ್ಲು ಒಳಹೋಗುತ್ತಿದ್ದರೆ ಮಾತ್ರ ಅದರ ಕರುಳು ಚಲಿಸುತ್ತಿರುತ್ತದೆ. ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವಲ್ಲಿ ಅಂಧಾಂತ್ರವೆಂಬ ದೊಡ್ಡ ಚೀಲವಿದ್ದು, ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತವೆ. ಅಲ್ಲಿ ತಯಾರಾದ ಮೃದುವಾದ ಹಿಕ್ಕೆಯನ್ನು ಮೊಲ ಮತ್ತೆ ತಿಂದು ಪೋಷಣೆ ಪಡೆಯುತ್ತದೆ. ಇದು ಕೊಳಕು ಚಟವಲ್ಲ, ಅದರ ಬದುಕಿನ ನಿಯಮ. ಇನ್ನೊಂದು ಮಾತೆಂದರೆ, ಮೊಲಕ್ಕೆ ವಾಂತಿ ಮಾಡಲು ಸಾಧ್ಯವಿಲ್ಲ. ಮೈ ನೆಕ್ಕಿಕೊಳ್ಳುವಾಗ ನುಂಗಿದ ಕೂದಲು ಸಾಮಾನ್ಯವಾಗಿ ಆಹಾರದೊಡನೆ ಹೊರಬೀಳುತ್ತದೆ. ಕೆಲವೊಮ್ಮೆ ಅದು ಗಟ್ಟಿ ಉಂಡೆಯಾಗಿ ಸಣ್ಣ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚಾಪೆಯ ನೂಲೂ ಹೀಗೆಯೇ ಸಿಕ್ಕಿಬೀಳಬಹುದು. ಆಗ ಹಿಂದೆ ಉಳಿದ ದ್ರವ ಮತ್ತು ವಾಯುವಿನಿಂದ ಜಠರವು ಕೆಲವೇ ಗಂಟೆಗಳಲ್ಲಿ ಉಬ್ಬುತ್ತದೆ. ಆದ್ದರಿಂದ ಹತ್ತು ಹನ್ನೆರಡು ಗಂಟೆ ತಿನ್ನದ, ಹಿಕ್ಕೆ ಹಾಕದ ಮೊಲವನ್ನು ತುರ್ತು ರೋಗಿಯೆಂದೇ ಭಾವಿಸಬೇಕು. ಹೊಟ್ಟೆ ಉಬ್ಬಿದ್ದರೆ ಅಷ್ಟು ಹೊತ್ತೂ ಕಾಯಬಾರದು.

ಭಾನುವಾರ ಇಬ್ಬರು ಪಶುವೈದ್ಯರು ತಾವು ಮೊಲಗಳನ್ನು ನೋಡುವುದಿಲ್ಲವೆಂದರು. ಮೂರನೆಯವರು ನೋಡಿದರು. ಮೈಬಿಸಿ ಇಳಿದಿತ್ತು. ಆರೋಗ್ಯವಂತ ಮೊಲದಲ್ಲಿ ಅದು ಸುಮಾರು 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಇಳಿದರೆ ಅಪಾಯದ ಸೂಚನೆ. ರಕ್ತದ ಸಕ್ಕರೆ ವಿಪರೀತ ಏರಿತ್ತು. ಮಧುಮೇಹವಿಲ್ಲದ ಮೊಲದಲ್ಲಿ ಹೀಗೆ ಏರಿದರೆ ಕರುಳಿನ ಅಡಚಣೆಯ ಶಂಕೆ ಬಲವಾಗುತ್ತದೆಯಂತೆ. ಕ್ಷ-ಕಿರಣ ಚಿತ್ರದಲ್ಲಿ ಉಬ್ಬಿದ ಜಠರ ಸ್ಪಷ್ಟವಾಗಿ ಕಂಡಿತು. ವೈದ್ಯರು ಮುಚ್ಚುಮರೆಯಿಲ್ಲದೆ ಮಾತಾಡಿದರು. ಮೊಲದ ಕರುಳಿನ ಗೋಡೆ ಬಲು ತೆಳು, ಅರಿವಳಿಕೆಯೇ ಅದಕ್ಕೆ ಗಂಡಾಂತರ, ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಎರಡು ಮೂರು ದಿನಗಳಲ್ಲಿ ಸಾಯುವ ಮೊಲಗಳುಂಟು, ಖರ್ಚೂ ಸಣ್ಣದಲ್ಲ ಎಂದರು. ಬೇಡವೆನಿಸಿದರೆ ನೋವಿಲ್ಲದ ಮರಣ ಕೊಡುವ ಮಾರ್ಗವನ್ನೂ ಸೂಚಿಸಿದರು. ಮೊಮ್ಮಗಳು ಮಾತಾಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಂದಿನ ಸಂಜೆ ಅವಳ ಮಾತು ಕೇಳಿದ್ದರೆ ಸ್ಥಿತಿ ಇಲ್ಲಿಗೆ ಮುಟ್ಟುತ್ತಿರಲಿಲ್ಲವೇನೋ ಎಂಬ ಅಳುಕಿನಲ್ಲಿಯೇ ನಾನು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದೆ.

ಮೊದಲು ಮೈ ಬೆಚ್ಚಗೆ ಮಾಡಿ, ನರಕ್ಕೆ ದ್ರವ ಕೊಟ್ಟು, ನೋವು ತಗ್ಗಿಸಿ, ಆಮೇಲೆ ಹೊಟ್ಟೆ ತೆರೆದರು. ಕರುಳಿನಲ್ಲಿದ್ದ ಕೂದಲಿನ ಉಂಡೆಯನ್ನು ಮೆಲ್ಲನೆ ಹಿಂದಕ್ಕೆ ಜಠರಕ್ಕೆ ಸರಿಸಿ ಅಲ್ಲಿಂದ ತೆಗೆದರು. ಉಂಡೆ ಹುಣಸೆ ಬೀಜಕ್ಕಿಂತ ತುಸು ದೊಡ್ಡದು, ಅಷ್ಟೇ. ಕೈಗೆ ಪ್ರಾಣಿಯನ್ನು ಕೊಡುವಾಗ ವೈದ್ಯರು ಆಡಿದ ಮಾತೇ ಈ ಲೇಖನಕ್ಕೆ ಪ್ರೇರಣೆ. ದಾರಿ ತೆರೆಯುವುದು ತಮ್ಮ ಕೆಲಸ, ಕರುಳನ್ನು ಮತ್ತೆ ನಡೆಸುವುದು ಮನೆಯವರ ಕೆಲಸ ಎಂದರು.

ಈ ಮಾತಿನ ಸತ್ಯ ಮುಂದಿನ ಹತ್ತು ದಿನಗಳಲ್ಲಿ ಮನದಟ್ಟಾಯಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮನುಷ್ಯನನ್ನು ಕೂಡ ವೈದ್ಯರು “ವಾಯು ಹೋಯಿತೇ?” ಎಂದು ವಿಚಾರಿಸುವುದು ಕರುಳು ಎಚ್ಚರಗೊಂಡಿತೇ ಎಂದು ತಿಳಿಯಲಿಕ್ಕೆ. ಮೊಲದಲ್ಲಿ ಇದಕ್ಕೆ ಹಿಕ್ಕೆಯೇ ಸಾಕ್ಷಿ. ಅದು ತಾನಾಗಿ ತಿನ್ನುವವರೆಗೆ ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ, ಮುಂಬಲ್ಲುಗಳ ಹಿಂದಿನ ಸಂದಿಯಲ್ಲಿ, ಕೆಲವು ಗಂಟೆಗಳಿಗೊಮ್ಮೆ ಹಗಲೂ ರಾತ್ರಿಯೂ ಕೊಟ್ಟೆವು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಇಳಿಯುವ ಭಯ. ಅಡಚಣೆ ನಿವಾರಣೆಯಾಗುವ ಮೊದಲು ಹೀಗೆ ತುರುಕುವುದು ಇನ್ನೂ ದೊಡ್ಡ ಅಪಾಯ. ಆದ್ದರಿಂದ ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮಾಡಕೂಡದು. ನೋವಿನ ಔಷಧವನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ನೋವಿದ್ದರೆ ಮೊಲ ತಿನ್ನದು, ತಿನ್ನದಿದ್ದರೆ ಕರುಳು ನಿಲ್ಲುತ್ತದೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಎರವಾಗುತ್ತದೆ. ಅಡಿಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿದೆವು. ಮೃದು ಹಿಕ್ಕೆಯನ್ನು ತಿನ್ನಲು ಅಡ್ಡಿಯಾದೀತೆಂದು ವೈದ್ಯರು ಕೊರಳಪಟ್ಟಿ ಹಾಕಿರಲಿಲ್ಲ. ಹೊಲಿಗೆಯನ್ನು ಕಚ್ಚದಂತೆ ನಾವೇ ಸರದಿಯಲ್ಲಿ ಕಾದೆವು.

ಗಣೇಶ ಚತುರ್ಥಿ ಸಮೀಪಿಸಿತ್ತು. 1886ರಲ್ಲಿ ರೇ ಮಾರ್ಕೆಟ್ ಎಂದು ಆರಂಭವಾದ ಇಂದಿನ ಮಹಾತ್ಮಾ ಫುಲೆ ಮಂಡಯಿಯ ಎದುರು ದೂರ್ವೆಯ ಕಟ್ಟುಗಳು ರಾಶಿಬಿದ್ದಿದ್ದವು. ದೇವರಿಗೆಂದು ತಂದ ಗರಿಕೆಯಲ್ಲಿ ಒಂದು ಹಿಡಿಯನ್ನು ತೊಳೆದು ಮೂರನೆಯ ದಿನ ಮೊಲದ ಮುಂದಿಟ್ಟಾಗ ಅದು ಮೂಸಿತು. ಒಂದು ಎಸಳನ್ನು ಎಳೆದುಕೊಂಡಿತು. ಅದೇ ರಾತ್ರಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಣ ಹಿಕ್ಕೆಗಳು ನಾಲ್ಕು ಬಿದ್ದವು. ಮೊಮ್ಮಗಳು ಅವನ್ನು ಎಣಿಸಿ ವಹಿಯಲ್ಲಿ ಬರೆದಳು. ಹತ್ತನೆಯ ದಿನದ ಹೊತ್ತಿಗೆ ಹಿಕ್ಕೆಗಳು ಮೊದಲಿನ ಗಾತ್ರಕ್ಕೆ ಬಂದಿದ್ದವು, ಗಾಯವೂ ಕೂಡಿತ್ತು.

ಔಷಧಗಳ ಬಗ್ಗೆ ಒಂದು ಎಚ್ಚರಿಕೆ ಅವಶ್ಯ. ಮನೆಯ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಪುಡಿಮಾಡಿ ಕೊಡುವ ಅಭ್ಯಾಸ ನಮ್ಮಲ್ಲುಂಟು. ನಮಗೆ ನಿತ್ಯಪರಿಚಿತವಾದ ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳನ್ನು ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಹಿತಕಾರಿ ಸೂಕ್ಷ್ಮಜೀವಿಗಳು ನಾಶವಾಗಿ, ವಿಷಕಾರಿಗಳು ಬೆಳೆದು, ಪ್ರಾಣ ಹೋಗಬಹುದು. ಹಾಗೆಯೇ ಬಿಸ್ಕತ್ತು, ಬ್ರೆಡ್ಡು, ಬಟ್ಟಲು ತುಂಬ ಗಜ್ಜರಿ ಕೊಡುವುದು ಪ್ರೀತಿಯಲ್ಲ. ಮೊಲದ ಆಹಾರದ ಬಹುಭಾಗ ಒಣಹುಲ್ಲು ಮತ್ತು ಹಸಿಹುಲ್ಲಾಗಿರಬೇಕು. ಕೂದಲುದುರುವ ಕಾಲದಲ್ಲಿ ನಿತ್ಯವೂ ಮೈ ಬಾಚಬೇಕು.

ಇನ್ನು ಟೀಕೆಯ ವಿಷಯ. ಇದನ್ನು ಕೇಳಿದ ಆಪ್ತರೊಬ್ಬರು, ಮೊಲದ ಬೆಲೆ ಎಷ್ಟು, ನೀವು ಸುರಿದ ಹಣವೆಷ್ಟು, ಆ ಹಣದಿಂದ ಬಡ ವಿದ್ಯಾರ್ಥಿಯೊಬ್ಬನ ಶುಲ್ಕ ಕಟ್ಟಬಹುದಿತ್ತಲ್ಲವೇ ಎಂದರು. ಪ್ರಶ್ನೆ ನ್ಯಾಯವಾದುದೇ. ಎಲ್ಲರೂ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೆಂದು ನಾನು ವಾದಿಸುವುದಿಲ್ಲ. ಕೈಲಾಗದವರು ನೋವಿಲ್ಲದ ಮರಣವನ್ನು ಆರಿಸಿದರೆ ಅದು ಕ್ರೌರ್ಯವಲ್ಲ. ಆದರೆ ಮೂಲೆಯಲ್ಲಿ ನರಳಲು ಬಿಟ್ಟು ‘ಹಣೆಬರಹ’ ಎನ್ನುವ ಹಕ್ಕು ನಮಗಿಲ್ಲ. ಕಾಡಿನ ಪ್ರಾಣಿಯ ಹೊಟ್ಟೆಪಾಡು ಅದರದು. ಗೂಡಿನಲ್ಲಿಟ್ಟ ಪ್ರಾಣಿಯ ಹೊಟ್ಟೆಪಾಡು ಗೂಡು ಮುಚ್ಚಿದವನದು. ಪ್ರಾಣಿಯನ್ನು ವಶದಲ್ಲಿಟ್ಟುಕೊಂಡವರು ಅದರ ಕ್ಷೇಮಕ್ಕೆ ಯುಕ್ತ ಕ್ರಮ ಕೈಗೊಳ್ಳಬೇಕೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯೂ ವಿಧಿಸುತ್ತದೆ.

ಪುಣೆಗೆ ಪಶುವೈದ್ಯಶಾಸ್ತ್ರ ಹೊಸದಲ್ಲ. ಇಂದು ಬರೇಲಿ ಬಳಿಯ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲವಾದ ಪ್ರಯೋಗಾಲಯ 1889ರಲ್ಲಿ ಹುಟ್ಟಿದ್ದು ಈ ನಗರದಲ್ಲಿಯೇ; 1893ರಲ್ಲಿ ಅದು ಮುಕ್ತೇಶ್ವರಕ್ಕೆ ತೆರಳಿತು. ಆದರೆ ಈ ಶಾಸ್ತ್ರ ಬಹುಕಾಲ ದನ, ಕುದುರೆಗಳ ಸುತ್ತಲೇ ಬೆಳೆಯಿತು. ಮೊಲದ ಚಿಕಿತ್ಸೆಯಲ್ಲಿ ಪರಿಣತರು ಇಂದಿಗೂ ಎಲ್ಲ ಬಡಾವಣೆಗಳಲ್ಲಿ ಸಿಗುವುದಿಲ್ಲ. ಆದ್ದರಿಂದ ಮೊಲವನ್ನು ತರುವ ಮೊದಲೇ, ಭಾನುವಾರವೂ ಅದನ್ನು ನೋಡುವ ವೈದ್ಯರು ಯಾರೆಂದು ವಿಚಾರಿಸಿಡಬೇಕು. ನಮ್ಮ ಸಂಘವು ಸದಸ್ಯರ ಅನುಭವಗಳಿಂದ ಅಂಥ ವೈದ್ಯರ ಪಟ್ಟಿಯೊಂದನ್ನು ಸಿದ್ಧಪಡಿಸಿ ಕಚೇರಿಯಲ್ಲಿಟ್ಟರೆ ಖರ್ಚಿಲ್ಲದ ಸೇವೆಯಾದೀತು. ಮುಂದಿನ ಕಾರ್ಯಕಾರಿ ಸಮಿತಿ ಇದನ್ನು ಪರಿಶೀಲಿಸಬೇಕೆಂದು ವಿನಂತಿ.

ಹತ್ತು ರಾತ್ರಿ ಎಚ್ಚರವಿರುವ ಮನಸ್ಸಿದ್ದವರು ಮಾತ್ರ ಮೊಲವನ್ನು ತರಲಿ. ಇಲ್ಲದವರು ಮಕ್ಕಳಿಗೆ ಬೊಂಬೆಯ ಮೊಲವನ್ನು ಕೊಡಿಸಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವೊಂದು ಬಂದು ‘ಮೊಲ ತಿಂದಿಲ್ಲ’ ಎಂದು ಹೇಳಿದರೆ, ನಮ್ಮ ವಯಸ್ಸಿನ ಜಾಣ್ಮೆಯನ್ನು ಬದಿಗಿಟ್ಟು, ಒಡನೆಯೇ ಎದ್ದು ನೋಡೋಣ.